ಮಣ್ಣಿನಲ್ಲಿ ಸೆರೆಯಾದ ರಂಜಕ

ಒಂದು ಹೆಕ್ಟೇರು ರಾಗಿಯ ಹೊಲದಿಂದ 15 ಸೆಂಟಿಮೀಟರು ಆಳದವರೆಗಿನ ಮಣ್ಣನ್ನು ತೆಗೆದು ತೂಗುವುದು ಸಾಧ್ಯವಾದರೆ, ಅದು ಸುಮಾರು 20 ಲಕ್ಷ ಕಿಲೋಗ್ರಾಂ ಆದೀತು. ಅದರಲ್ಲಿ ರಂಜಕವು ನೂರಕ್ಕೆ 0.05 ಪಾಲು ಮಾತ್ರವಿದ್ದರೂ ಒಟ್ಟು 1,000 ಕಿಲೋಗ್ರಾಂ ಆಯಿತು. ಒಂದು ಧಾನ್ಯದ ಬೆಳೆಗೆ ಬೇಕಾದುದು ಸಾಮಾನ್ಯವಾಗಿ 10ರಿಂದ 20 ಕಿಲೋಗ್ರಾಂ. ಆದರೂ ಎಷ್ಟೋ ಹೊಲಗಳಲ್ಲಿ ಪೈರು ರಂಜಕವಿಲ್ಲದೆ ಕುಗ್ಗುತ್ತದೆ. ಕಣಜ ತುಂಬಿದ ಮನೆಯಲ್ಲಿ ಉಪವಾಸವೇಕೆ?

ಬೇರು ಹೀರಬಲ್ಲುದು ನೀರಿನಲ್ಲಿ ಕರಗಿದ ಫಾಸ್ಫೇಟನ್ನು ಮಾತ್ರ. ಕೋಲಾರ, ತುಮಕೂರುಗಳ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಧಾರವಾಡ, ವಿಜಯಪುರಗಳ ಎರೆಮಣ್ಣಿನಲ್ಲಿ ಸುಣ್ಣ ಆ ಫಾಸ್ಫೇಟನ್ನು ಹಿಡಿದು ಕರಗದಂತೆ ಮಾಡುತ್ತವೆ. ರೈತನು ಹಣ ತೆತ್ತು ಹಾಕಿದ ಸೂಪರ್ ಫಾಸ್ಫೇಟಿಗೂ ಇದೇ ಗತಿ. ಅದರ ನಾಲ್ಕನೆಯ ಒಂದು ಪಾಲಾದರೂ ಮೊದಲ ಬೆಳೆಗೆ ದಕ್ಕುವುದು ಅಪರೂಪ. ಈ ಗೊಬ್ಬರಕ್ಕೆ ಬೇಕಾದ ಶಿಲೆಯ ಬಹುಭಾಗವನ್ನು ನಮ್ಮ ದೇಶವು ಹೊರಗಿನಿಂದ ತರಿಸಿಕೊಳ್ಳುತ್ತಿದೆ ಎಂಬುದನ್ನು ನೆನೆದರೆ ಈ ನಷ್ಟದ ಗಾತ್ರವು ತಿಳಿಯುತ್ತದೆ.

ಸೆರೆಯನ್ನು ಬಿಡಿಸಬಲ್ಲ ಜೀವಿಗಳೂ ಅದೇ ಮಣ್ಣಿನಲ್ಲಿವೆ. ಬೇರಿನಿಂದ ಒಸರುವ ಸಕ್ಕರೆಯನ್ನು ಉಂಡು ಬದುಕುವ ಸ್ಯೂಡೊಮೊನಾಸ್, ಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಗ್ಲುಕೋನಿಕ್ ಆಮ್ಲದಂತಹ ಆಮ್ಲಗಳನ್ನು ಹೊರಸೂಸುತ್ತವೆ. ಆಮ್ಲವು ಸುಣ್ಣದ ಹಿಡಿತವನ್ನು ಸಡಿಲಿಸಿದಾಗ ಫಾಸ್ಫೇಟು ನೀರಿಗೆ ಇಳಿಯುತ್ತದೆ. ಇದನ್ನು ಕಣ್ಣಾರೆ ಕಾಣುವ ಉಪಾಯವನ್ನು ಸೋವಿಯತ್ ವಿಜ್ಞಾನಿ ಪಿಕೋವ್‌ಸ್ಕಾಯಾ 1948ರಲ್ಲಿ ಪ್ರಕಟಿಸಿದರು. ಕರಗದ ಕ್ಯಾಲ್ಸಿಯಂ ಫಾಸ್ಫೇಟನ್ನು ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ಪೋಷಕ ದ್ರವ್ಯವನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಬ್ಯಾಕ್ಟೀರಿಯಾವನ್ನು ಅದರ ಮೇಲಿಟ್ಟರೆ, ಕೆಲವು ದಿನಗಳಲ್ಲಿ ಸುತ್ತಲೂ ತಿಳಿಯಾದ ಬಳೆಯೊಂದು ಮೂಡುತ್ತದೆ. ಬಳೆಯಷ್ಟಗಲವೂ ಫಾಸ್ಫೇಟು ಕರಗಿದೆ ಎಂದರ್ಥ. ನೋಡಲು ಬಲು ಸೊಗಸಾದ ಪ್ರಯೋಗ!

ಆದರೆ ಆ ಬಳೆಯನ್ನೇ ನಂಬಿ ಹೊಲಕ್ಕೆ ಇಳಿಯುವಂತಿಲ್ಲ. ತಟ್ಟೆಯಲ್ಲಿ ಸಕ್ಕರೆಯು ಬೇಕಾದಷ್ಟಿದೆ, ಪೈಪೋಟಿಗೆ ಬೇರೆ ಜೀವಿಗಳಿಲ್ಲ. ಹೊಲದಲ್ಲಿಯಾದರೋ ಆಹಾರವು ಕಡಿಮೆ, ಉಣ್ಣುವವರು ಕೋಟ್ಯಂತರ. ಎರೆಮಣ್ಣಿನ ಸುಣ್ಣವು ಹುಟ್ಟಿದ ಆಮ್ಲವನ್ನು ಅಲ್ಲಿಯೇ ನುಂಗಿಬಿಡುತ್ತದೆ. ಕೆಂಪು ಮಣ್ಣಿನ ಕಬ್ಬಿಣದ ಫಾಸ್ಫೇಟು ಸುಣ್ಣದ ಫಾಸ್ಫೇಟಿನಷ್ಟು ಸುಲಭವಾಗಿ ಕರಗುವುದಿಲ್ಲ. ಅದೂ ಅಲ್ಲದೆ ಬ್ಯಾಕ್ಟೀರಿಯಾವು ನಮ್ಮ ಪೈರಿಗಾಗಿ ದುಡಿಯುತ್ತಿಲ್ಲವಷ್ಟೆ! ಕರಗಿದ ಫಾಸ್ಫೇಟಿನಲ್ಲಿ ಒಂದು ಪಾಲು ಅದರ ಒಡಲನ್ನೇ ಸೇರುತ್ತದೆ. ಅದು ಸತ್ತಾಗಲೋ, ಪ್ರೋಟೊಜೋವಾಗಳಿಗೆ ತುತ್ತಾದಾಗಲೋ ಆ ಪಾಲು ಮತ್ತೆ ಮಣ್ಣಿಗೆ ಬರುತ್ತದೆ.

ಇದಕ್ಕೆ ಇತಿಹಾಸದ ಸಾಕ್ಷ್ಯವೂ ಉಂಟು. ಸಾವಯವ ಪದಾರ್ಥದಲ್ಲಿರುವ ರಂಜಕವನ್ನು ಬಿಡಿಸಲೆಂದು ಸೋವಿಯತ್ ದೇಶದಲ್ಲಿ ಬ್ಯಾಸಿಲಸ್ ಮೆಗಟೇರಿಯಂ ಅನ್ನು ‘ಫಾಸ್ಫೋಬ್ಯಾಕ್ಟರಿನ್’ ಎಂಬ ಹೆಸರಿನಿಂದ 1950ರ ದಶಕದಲ್ಲಿ ವಿಸ್ತಾರವಾಗಿ ಬಳಸಿದರು. ಇಳುವರಿ ಹೆಚ್ಚಿತೆಂದು ಸಾರಿದರು. ಅಮೆರಿಕದ ಕೃಷಿ ಇಲಾಖೆಯು ಅದನ್ನೇ ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂತಹ ಲಾಭವು ಕಂಡುಬರಲಿಲ್ಲ.

ಹಾಗೆಂದು ಈ ಜೀವಾಣುಗಳನ್ನು ತಳ್ಳಿಹಾಕುವುದೂ ಆತುರವೆಂದೇ ನಮ್ಮ ಅಭಿಪ್ರಾಯ. ಕಾಂಪೋಸ್ಟಿನ ಆಹಾರವೂ ಶಿಲಾರಂಜಕದ ಪುಡಿಯೂ ಜೊತೆಗಿದ್ದಾಗ ಇವು ಫಲ ಕೊಟ್ಟ ಪ್ರಯೋಗಗಳು ನಮ್ಮ ದೇಶದಲ್ಲಿಯೇ ನಡೆದಿವೆ. ಪೊಟ್ಟಣವನ್ನು ಕೊಳ್ಳುವ ರೈತನು ಬೆಲ್ಲದ ನೀರಿನಲ್ಲಿ ಅದನ್ನು ಕಲಸಿ, ಬೀಜಕ್ಕೆ ಲೇಪಿಸಿ, ಬಿಸಿಲು ತಾಕದಂತೆ ನೆರಳಿನಲ್ಲಿ ಆರಿಸಿ ಬಿತ್ತಲಿ. ಜೊತೆಗೆ ಅದೇ ಹೊಲದ ಒಂದು ಪಟ್ಟಿಯಲ್ಲಿ ಲೇಪವಿಲ್ಲದ ಬೀಜವನ್ನು ಬಿತ್ತಿ, ಅಷ್ಟೇ ಗೊಬ್ಬರವನ್ನು ಹಾಕಲಿ. ಕಣದಲ್ಲಿ ಎರಡು ಪಟ್ಟಿಗಳ ಕಾಳನ್ನೂ ಬೇರೆಬೇರೆಯಾಗಿ ತೂಗಿದರೆ, ಪೊಟ್ಟಣದ ಬೆಲೆ ತನ್ನ ಮಣ್ಣಿನಲ್ಲಿ ಹಿಂದಿರುಗಿತೇ ಇಲ್ಲವೇ ಎಂಬುದು ಅವನಿಗೇ ಗೊತ್ತಾಗುತ್ತದೆ.