ನಂದಿ ಇಳಿಯುವಾಗ ಬ್ರೇಕಿನ ಮೇಲಿರಲಿ ಗಮನ

ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಸೈಕಲ್ ಪ್ರಿಯರು ನಸುಕಿನಲ್ಲೇ ಬಳ್ಳಾರಿ ರಸ್ತೆ ಹಿಡಿಯುತ್ತಾರೆ. ಗುರಿ, ಸುಮಾರು 60 ಕಿ.ಮೀ. ದೂರದಲ್ಲಿರುವ, 1,478 ಮೀಟರ್ ಎತ್ತರದ ನಂದಿಬೆಟ್ಟ.

ಮೊದಲ ತಿರುವುಗಳಲ್ಲೇ ದಮ್ಮುಕಟ್ಟಿ ತುಳಿದವರು ಮೇಲಿನ ಕಡಿದಾದ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಕಾಗುತ್ತದೆ. ಚಿಕ್ಕ ಗೇರು, ಪಕ್ಕದವರೊಡನೆ ಮಾತಾಡಲು ಉಸಿರು ಉಳಿಯುವಷ್ಟು ವೇಗ, ಅಷ್ಟಿದ್ದರೆ ಸಾಕು.

ಹೆಚ್ಚಿನ ಎಚ್ಚರ ಬೇಕಿರುವುದು ಇಳಿಯುವಾಗ. ಸವಾರ, ಸೈಕಲ್ ಸೇರಿ 80 ಕೆ.ಜಿ. ಎಂದುಕೊಳ್ಳಿ. 400 ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 300 ಕಿಲೋಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಗಾಳಿ ತಡೆದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಬ್ರೇಕಿನಲ್ಲೇ ಬಿಸಿಯಾಗುತ್ತದೆ. ರಿಮ್ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುನ್ನವೇ ಎರಡೂ ಬ್ರೇಕ್ ಹಾಕಿ ವೇಗ ತಗ್ಗಿಸಿ, ಆಮೇಲೆ ಬಿಟ್ಟುಬಿಡಬೇಕು. ಮಂಜಿನಿಂದ ರಸ್ತೆ ಒದ್ದೆಯಾಗಿದ್ದರೆ (ಚಳಿಗಾಲದ ಬೆಳಗ್ಗೆ ಅದು ಮಾಮೂಲು) ಇನ್ನೂ ಮೊದಲೇ. ಎದುರಿನಿಂದ ಬರುವ ಕಾರಿನವರು ನಿಮ್ಮನ್ನು ನೋಡಿಯೇ ಇಲ್ಲ ಎಂದುಕೊಳ್ಳುವುದು ಒಳ್ಳೆಯದು.

ಬೆಟ್ಟದ ರುಚಿ ಹತ್ತಿದವರು ಮುಂದೆ ಬ್ರೆವೆಗಳತ್ತ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳತ್ತ ವಾಲುತ್ತಾರೆ. 200 ಕಿ.ಮೀ. ಮುಗಿಸಲು ಅಲ್ಲಿ 13 ಗಂಟೆ 30 ನಿಮಿಷ ಕಾಲಾವಕಾಶ. ಅದು ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಆದರೆ ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಮನೆಯಲ್ಲೇ ಕಲಿತಿರಿ.

ಬೆಟ್ಟದ ಪ್ರವೇಶದ ಸಮಯ, ನಿಯಮ ಬದಲಾಗುತ್ತಿರುತ್ತವೆ. ಹಿಂದಿನ ದಿನವೇ ವಿಚಾರಿಸಿಕೊಂಡು ಹೊರಡಿ.