ಕಾರಿನ ಬುತ್ತಿಗೆ ಒಂದು ಹಿಡಿ ಕಡಲೆಕಾಯಿ

ಬೆಂಗಳೂರಿನ ತ್ಯಾಗರಾಜನಗರದಿಂದ ಕಾರಿನಲ್ಲಿ ಮಂಗಳೂರಿಗೆ ಹೊರಟರೆ ಸುಮಾರು 350 ಕಿಲೋಮೀಟರ್. ಶಿರಾಡಿ ಘಾಟಿಯೂ ಸೇರಿ ಹಗಲಿನ ಬಹುಪಾಲು ಕೂತೇ ಕಳೆಯಬೇಕು. ಕೂತ ದೇಹಕ್ಕೆ ಬೇಕಾದದ್ದು ನಿಧಾನವಾಗಿ ಜೀರ್ಣವಾಗುವ, ಮಿತವಾದ ತಿಂಡಿ. ಚಿಪ್ಸ್‌ನ ಉಪ್ಪು ಬಾಯಾರಿಸುತ್ತದೆ, ಸಿಹಿ ಬಿಸ್ಕತ್ತು ತಿಂದರೆ ಬೇಗ ಮತ್ತೆ ಹಸಿವಾಗುತ್ತದೆ. ಹುರಿದ ಕಡಲೆಕಾಯಿ ಹಾಗಲ್ಲ: 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೊಟೀನ್, ಜೊತೆಗೆ ನಾರು. ಒಂದು ಹಿಡಿ ತಿಂದರೆ ಹೊಟ್ಟೆ ತಡೆಯುತ್ತದೆ. ಕಾರ್ತಿಕದ ಕಡೆಯ ಸೋಮವಾರ ಪಕ್ಕದ ಬಸವನಗುಡಿಯಲ್ಲಿ ಇದಕ್ಕೆಂದೇ ಪರಿಷೆ ನಡೆಯುತ್ತದೆ. ಪ್ರಯಾಣದ ಹೊತ್ತಿಗೆ ಮರೆಯುವುದೇಕೆ? ಇದರೊಡನೆ ಹುರಿಗಡಲೆ, ಅವಲಕ್ಕಿ ಚೂಡಾ, ಏಲಕ್ಕಿ ಬಾಳೆಹಣ್ಣು, ಹೆಚ್ಚದೆ ಇಟ್ಟ ಎಳೆ ಸೌತೆಕಾಯಿ ಇದ್ದರೆ ಸಾಕು.

ದಾರಿಯುದ್ದಕ್ಕೂ ಹೋಟೆಲ್ ಇವೆಯಲ್ಲ ಎನ್ನಬಹುದು. ನಿಜ, ಬಿಸಿ ಇಡ್ಲಿಗೆ ಖಂಡಿತ ನಿಲ್ಲಿಸಿ. ಆದರೆ ಘಾಟಿಯಲ್ಲಿ ವಾಹನಗಳ ಸಾಲು ನಿಂತಾಗ ಕೈಗೆಟಕುವುದು ಡಬ್ಬಿಯಲ್ಲಿರುವುದೇ. ಚಿತ್ರಾನ್ನ ಕಟ್ಟಿದರಾಗದೇ? ಬಿಸಿಲಿಗೆ ಕಾದ ಕಾರಿನಲ್ಲಿ ಅನ್ನ ಬೇಗ ಕೆಡುತ್ತದೆ, ಅದರಲ್ಲಿ ಬೆಳೆವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಕಟ್ಟಿದ್ದರೆ ಮೊದಲ ನಿಲುಗಡೆಯಲ್ಲೇ ಮುಗಿಸಿ. ಕಡಲೆಕಾಯಿ ಒಗ್ಗದವರು ಜೊತೆಗಿದ್ದರೆ ಅದನ್ನು ಮನೆಯಲ್ಲೇ ಬಿಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗಂತೂ ಇಡೀ ಬೀಜ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕೀತು. ಬಾಳೆಹಣ್ಣು ಕೊಡಿ, ಅದೂ ಕಾರು ನಿಲ್ಲಿಸಿ. ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಅನೇಕ ಹೆಂಗಸರು ನೀರನ್ನೇ ಬಿಡುತ್ತಾರೆ. ದಯವಿಟ್ಟು ಬೇಡ. ಎರಡು ಗಂಟೆಗೊಮ್ಮೆ ಒಳ್ಳೆಯ ಬಂಕ್ ನೋಡಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ಹೊಟ್ಟೆ ತುಂಬ ನೀರು ಕುಡಿಯಿರಿ.