ತಾಯಿ ಇರುವ ಮಗು ಅನಾಥವಲ್ಲ

ತಮ್ಮಾ, ಪರದೇಶದಿಂದ ಬಂದ ಆ ದಂಪತಿ ನಮ್ಮ ಕಮಠಾಣದ ಸಭೆಯಲ್ಲಿ ಎಲ್ಲರ ಜೊತೆ ಜಮಖಾನದ ಮೇಲೆ ಕೂತು ಪ್ರಾರ್ಥನೆ ಮಾಡಿದರು. ಅವರ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಊರಲ್ಲಿ ಇಪ್ಪತ್ತು ಮಕ್ಕಳಿಗೆ ಒಂದು ಹೋಮ್ ತೆಗೆಯಿರಿ, ಫೋಟೋ ಕಳಿಸಿರಿ, ಒಂದೊಂದು ಮಗುವಿಗೂ ಸ್ಪಾನ್ಸರ್ ಹುಡುಕುತ್ತೇವೆ ಅಂದರಂತೆ. ಗಂಡನನ್ನು ಕಳೆದುಕೊಂಡ ಆ ಹುಡುಗಿಯ ಸಣ್ಣ ಮಗಳನ್ನು ತಾವೇ ದತ್ತು ಒಯ್ಯುತ್ತೇವೆ ಅಂತಲೂ ಕೇಳಿದರಂತೆ. ನೀನು ಹೊಸದಾಗಿ ಸಭೆ ವಹಿಸಿಕೊಂಡವನು, ಮನಸ್ಸು ಮೆತ್ತಗಿನವನು. ಹೂಂ ಅನ್ನುವ ಮೊದಲು ಈ ಮುದುಕಿಯ ಮಾತು ಕೇಳು.

ನನ್ನ ನೌಕರಿಯೆಲ್ಲ ಮಿಷನ್ ಬೋರ್ಡಿಂಗಿನಲ್ಲಿ ವಾರ್ಡನ್ ಆಗಿಯೇ ಕಳೆಯಿತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಕೂಲಿಕಾರರ ಮಕ್ಕಳು ಒಂದು ಜೊತೆ ಬಟ್ಟೆಯಲ್ಲಿ ಬರುತ್ತಿದ್ದರು. ಹೊರಗಿನ ಹಣ ಬಂದಿರದಿದ್ದರೆ ಆ ಹುಡುಗಿಯರಲ್ಲಿ ಎಷ್ಟೋ ಜನ ಇವತ್ತು ನರ್ಸ್ ಆಗುತ್ತಿರಲಿಲ್ಲ, ಶಿಕ್ಷಕಿ ಆಗುತ್ತಿರಲಿಲ್ಲ. ಆ ಉಪಕಾರವನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ.

ಆದರೆ ಪತ್ರ ಬರೆಸುವ ದಿನವನ್ನೂ ನಾನು ಕಂಡಿದ್ದೇನೆ. ಮಕ್ಕಳನ್ನು ಸಾಲಾಗಿ ಕೂಡಿಸಿ, ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆದು, ಎಲ್ಲರಿಂದಲೂ ಅದನ್ನೇ ನಕಲು ಮಾಡಿಸುವುದು. ಸ್ಪಾನ್ಸರ್ ಸಿಕ್ಕ ಮಗುವಿಗೆ ಕ್ರಿಸ್‌ಮಸ್ಸಿಗೆ ಬಣ್ಣದ ಕಾರ್ಡು, ಹೊಸ ಫ್ರಾಕು. ಅದೇ ಹಾಸಿಗೆಯಲ್ಲಿ ಮಲಗುವ ತಂಗಿಗೆ ಏನೂ ಇಲ್ಲ. "ಅಕ್ಕಾ, ನನ್ನ ಫೋಟೋ ಯಾರಿಗೂ ಸೇರಲಿಲ್ಲೇನು?" ಎಂದು ಒಂದು ಕೂಸು ಕೇಳಿತ್ತು. ಆರು ವರ್ಷದ ಮಗು ತನ್ನ ಮುಖಕ್ಕೆ ಗಿರಾಕಿ ಬರಲಿಲ್ಲ ಅಂತ ತಿಳಿಯುವಂತೆ ಮಾಡಬಾರದಪ್ಪಾ.

ಹೀಗೆ ಒಂದೊಂದು ಮಗುವಿಗೆ ಸ್ಪಾನ್ಸರ್ ಹುಡುಕುವ ಪದ್ಧತಿ ಕ್ರೈಸ್ತ ಸಭೆಗಳಲ್ಲಿ ಬೆಳೆದದ್ದು ಕೊರಿಯಾ ಯುದ್ಧದ ಕಾಲದಲ್ಲಿ. ಅಲ್ಲಿನ ಅನಾಥ ಮಕ್ಕಳಿಗಾಗಿ ಎವರೆಟ್ ಸ್ವಾನ್‌ಸನ್ ಎಂಬ ಬೋಧಕರು 1952ರಲ್ಲಿ ಶುರುಮಾಡಿದ ಕೆಲಸವೇ ಮುಂದೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಆಯಿತು. 1955ರಲ್ಲಿ ಅಮೆರಿಕದ ರೈತ ಹ್ಯಾರಿ ಹೋಲ್ಟ್, ಅವರ ಹೆಂಡತಿ ಬರ್ತಾ ಎಂಟು ಕೊರಿಯನ್ ಮಕ್ಕಳನ್ನು ದತ್ತು ಪಡೆದರು. ಪರದೇಶದ ಮಗುವನ್ನು ಮನೆಗೆ ತರುವುದು ಸಾವಿರಾರು ಕ್ರೈಸ್ತ ಕುಟುಂಬಗಳಿಗೆ ನಂಬಿಕೆಯ ಕೆಲಸವಾಗಿ ಕಂಡದ್ದು ಆಮೇಲೆ. ಅದು ಯುದ್ಧ ಸುಟ್ಟ ನಾಡು. ನಮ್ಮ ಊರಲ್ಲಿ ಅವರು ಕೇಳಿದ ಮಗುವಿನ ತಾಯಿ ದಿನಾ ತೊಗರಿ ಹೊಲಕ್ಕೆ ಹೋಗಿಬರುತ್ತಿದ್ದಾಳೆ.

ಹಣದ ಮಾತಿಗೆ ಬರುತ್ತೇನೆ. ಕಂಪ್ಯಾಷನ್ ಅಂಥ ದೊಡ್ಡ ಸಂಸ್ಥೆಯೇ ಸರ್ಕಾರದ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಭಾರತದ ಕೆಲಸ ನಿಲ್ಲಿಸಿತು. ಸುಮಾರು ಒಂದೂವರೆ ಲಕ್ಷ ಮಕ್ಕಳ ಹೆಸರು ಪಟ್ಟಿಯಿಂದ ಹೋಯಿತು. ತಪ್ಪು ಯಾರದು ಎಂಬ ವಾದ ಬೇರೆ. ಮಗುವಿನ ಅನ್ನ ಸಮುದ್ರದ ಆಚೆಯ ಒಂದೇ ದಾರಕ್ಕೆ ಕಟ್ಟಿದ್ದರೆ ಅದು ಕಡಿದ ದಿನ ಏನು ಮಾಡುತ್ತೀ? ಈಗಂತೂ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಲಿ ಮುಂಚಿತ ಅನುಮತಿಯಾಗಲಿ ಇಲ್ಲದೆ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇದ್ದ ಸಂಸ್ಥೆಯೂ ತನಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಿನ್ನ ಸ್ವಂತ ಖಾತೆಗೆ ಹಾಕುತ್ತೇವೆ ಅಂದರೆ ಕೈಮುಗಿದು ಬೇಡ ಅನ್ನು. ಬಾಲನ್ಯಾಯ ಕಾಯ್ದೆಯಡಿ ನೋಂದಾಯಿಸದೆ ಮಕ್ಕಳ ಹೋಮ್ ನಡೆಸಿದರೂ ಜೈಲಾಗಬಹುದು.

ಇನ್ನು ದತ್ತು. ಬೀದರದಿಂದ ಬಸ್ಸು ಹತ್ತಿದರೆ ಮುಟ್ಟುವ ಹೈದರಾಬಾದಿನಲ್ಲಿ 1999ರಲ್ಲಿ, ಮತ್ತೆ 2001ರಲ್ಲಿ ಏನು ಬಯಲಾಯಿತು ಗೊತ್ತೇ? ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹಸುಗೂಸುಗಳನ್ನು, ಅದರಲ್ಲೂ ಹೆಣ್ಣು ಕೂಸುಗಳನ್ನು, ದಲ್ಲಾಳಿಗಳು ಪುಡಿಗಾಸಿಗೆ ಕೊಂಡು ದತ್ತು ಕೇಂದ್ರಗಳಿಗೆ ಮುಟ್ಟಿಸುತ್ತಿದ್ದರು. ಅಲ್ಲಿಂದ ಅವು ಪರದೇಶಕ್ಕೆ ಹೋಗುತ್ತಿದ್ದವು. ಅತ್ತ ಕೂತು ಮಗುವಿಗಾಗಿ ಪ್ರಾರ್ಥಿಸುತ್ತಿದ್ದ ದಂಪತಿಗಳಿಗೆ ಇದು ಗೊತ್ತಿರಲಿಕ್ಕಿಲ್ಲ. ಒಳ್ಳೆಯವರ ಹಂಬಲದಿಂದಲೇ ಕೆಟ್ಟವರ ವ್ಯಾಪಾರ ನಡೆಯಿತು ಎಂಬುದೇ ನನ್ನ ಎದೆಯಲ್ಲಿ ಚುಚ್ಚುವ ಮಾತು. ನಮ್ಮ ಔರಾದದ ತಾಂಡಾಗಳಲ್ಲೂ ಅದೇ ಬಡತನವಿದೆ, ಮರೆಯಬೇಡ.

ಇಂಥದ್ದನ್ನು ತಡೆಯಲೆಂದೇ ಕಾನೂನು ಇಷ್ಟು ಬಿಗಿ. 1984ರಲ್ಲಿ ಲಕ್ಷ್ಮಿಕಾಂತ ಪಾಂಡೆ ಎಂಬ ವಕೀಲರ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು ಸುಪ್ರೀಂ ಕೋರ್ಟು ವಿದೇಶಿ ದತ್ತಕಕ್ಕೆ ನಿಯಮ ಹಾಕಿತು. ಅದರ ಫಲವಾಗಿ ಬಂದದ್ದೇ ಕಾರಾ, ಅಂದರೆ ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರ. ಹೊರಗಿನವರು ಊರಿಗೆ ಬಂದು ಇಂಥ ಮಗುವೇ ಬೇಕು ಎಂದು ಕೈತೋರಿಸಿ ಒಯ್ಯುವಂತಿಲ್ಲ. ತಮ್ಮ ದೇಶದ ಮಾನ್ಯ ಸಂಸ್ಥೆಯ ಮೂಲಕ ಕಾರಾಕ್ಕೇ ಅರ್ಜಿ ಹಾಕಬೇಕು. ತಾಯಿ ತಾನಾಗಿ ಒಪ್ಪಿಸಬೇಕೆಂದರೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ಆಗಬೇಕು. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳು ಇರುತ್ತದೆ. ಚರ್ಚಿನ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಬರೆದುಕೊಟ್ಟವನಿಗೆ ಮೂರು ವರ್ಷದ ತನಕ ಶಿಕ್ಷೆಯಾಗಬಹುದು.

ದೇವರ ವಾಕ್ಯ ತೆಗೆದು ನೋಡು. ಫರೋಹನ ಮಗಳು ಮೋಶೆಯನ್ನು ಸಾಕಿಕೊಂಡಳು ಎಂದು ನಾವೆಲ್ಲ ಬೋಧಿಸುತ್ತೇವೆ. ಕೂಸಿಗೆ ಹಾಲುಣಿಸಲು ಆಕೆ ಕೂಲಿ ಕೊಟ್ಟದ್ದು ಹೆತ್ತ ತಾಯಿಗೇ ಎಂಬುದನ್ನು ಮಾತ್ರ ಹಾರಿಸಿಬಿಡುತ್ತೇವೆ. ಎಸ್ತೇರಳನ್ನು ಸಾಕಿದ್ದು ಅವಳ ಬಳಗದ ಮೊರ್ದೆಕೈ. ಯಾಕೋಬನ ಪತ್ರಿಕೆ ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಾವು ವಿಧವೆಯನ್ನು ಬಾಗಿಲಲ್ಲಿ ಬಿಟ್ಟು ಮಗುವನ್ನಷ್ಟೇ ಒಳಗೆ ಕರೆದರೆ ಅರ್ಧ ವಾಕ್ಯಕ್ಕೆ ಮಾತ್ರ ವಿಧೇಯರಾದಂತೆ.

ಎಲ್ಲ ದತ್ತಕವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳಿದ್ದಾರೆ. ಅಂಗವಿಕಲ ಮಗು, ಬೆಳೆದ ಮಗು, ಕೂಡಿ ಇರಬೇಕಾದ ಅಣ್ಣತಂಗಿ: ಇವರನ್ನು ಇಲ್ಲಿ ಯಾರೂ ಮುಂದೆ ಬಂದು ಕರೆದುಕೊಳ್ಳದಾಗ ದೂರದ ಮನೆಯೊಂದು ಬಾಗಿಲು ತೆರೆದರೆ ಅದು ಕೃಪೆಯೇ. ಆದರೆ ನಮ್ಮ ಸಭೆಯಲ್ಲೇ ಮಕ್ಕಳಿಲ್ಲದ ದಂಪತಿಗಳಿಲ್ಲವೇ? 1956ರ ದತ್ತಕ ಕಾಯ್ದೆ ಹಿಂದೂಗಳಿಗೆ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ನಮ್ಮ ಹಿರಿಯರಿಗೆ 1890ರ ಕಾಯ್ದೆಯಡಿ ಪೋಷಕರಾಗುವುದಷ್ಟೇ ಸಾಧ್ಯವಿತ್ತು, ಕಾನೂನಿನ ಕಣ್ಣಿನಲ್ಲಿ ಅಪ್ಪ ಅಮ್ಮ ಆಗುವ ಹಾಗಿರಲಿಲ್ಲ. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಆ ತಡೆ ಹೋಗಿದೆ. ಯಾವ ಧರ್ಮದವರಾದರೂ ದತ್ತು ಪಡೆಯಬಹುದೆಂದು 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ನೀನು ವೇದಿಯಿಂದ ಇದನ್ನು ಒಂದು ಸಲ ಹೇಳಿದರೂ ಸಾಕು, ಯಾವುದೋ ಮನೆಯಲ್ಲಿ ತೊಟ್ಟಿಲು ತೂಗೀತು.

ಆ ದಂಪತಿಗೆ ಪ್ರೀತಿಯಿಂದಲೇ ಪತ್ರ ಬರೆ. ಕೊಡುವ ಮನಸ್ಸಿದ್ದರೆ ನೋಂದಾಯಿತ ಸಂಸ್ಥೆಯ ಮೂಲಕ ಇಡೀ ಊರಿನ ಮಕ್ಕಳ ಶಾಲೆಗೆ, ತಾಯಂದಿರ ದುಡಿಮೆಗೆ ಕೊಡಲಿ. ಸಂಡೇ ಸ್ಕೂಲಿಗೆ ಬಂದವನಿಗೆ ಮಾತ್ರ ಪುಸ್ತಕ ಎಂಬ ಕಟ್ಟಳೆ ಬೇಡ.

ಗಂಡನನ್ನು ಕಳೆದುಕೊಂಡ ಆ ಹುಡುಗಿಗೆ ಈಗಲೇ ಒಂದು ದಾರಿಯಿದೆ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆಯರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ, ಮಗು ತಾಯಿಯ ಹತ್ತಿರವೇ ಇರುತ್ತದೆ. ಹಳ್ಳಿಯಲ್ಲಿ ಮನೆಯ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು. ಆಕೆಯ ಆಧಾರ್, ರೇಷನ್ ಕಾರ್ಡು, ಗಂಡನ ಮರಣ ಪ್ರಮಾಣಪತ್ರ, ವರಮಾನದ ಸರ್ಟಿಫಿಕೇಟು, ಮಕ್ಕಳ ಶಾಲೆಯ ಚೀಟಿ ಎಲ್ಲ ಕೂಡಿಸಿ ಇಡಿಸು. ಸೋಮವಾರ ಬೀದರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗೋಣ, ನಾನೂ ಬರುತ್ತೇನೆ.